ಮನೆಯಲ್ಲಿ ಚಿಕ್ಕ ಮಕ್ಕಳಿರುವಾಗ ಇ-ಸಿಗರೇಟು: ಸೇದುವವರು ಬಿಟ್ಟ ಆವಿಯಿಂದ ಮಕ್ಕಳಿಗೆ ತೊಂದರೆಯಿದೆಯೇ?

ಪ್ರಶ್ನೆ: ಇಬ್ಬರು ಮಕ್ಕಳ ತಾಯಿ, ವಿದ್ಯಾನಗರ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನಮ್ಮದು ಅತ್ತೆ-ಮಾವನವರೊಂದಿಗೆ ಕೂಡಿರುವ ಮನೆ. ನನಗೆ ಐದು ವರ್ಷದ ಮಗ ಮತ್ತು ಎಂಟು ತಿಂಗಳ ಮಗಳು ಇದ್ದಾರೆ. ಮಗನಿಗೆ ದಮ್ಮಿನ ತೊಂದರೆಯಿದೆ. ಮಳೆ ಹಿಡಿದಾಗ ಮತ್ತು ಚಳಿ ಬಿದ್ದಾಗ ಕೆಮ್ಮು ಏರಿ ರಾತ್ರಿ ಎದ್ದು ಕೂಡುತ್ತಾನೆ. ಆಗ ವೈದ್ಯರು ಹೇಳಿದಂತೆ ಇನ್ಹೇಲರಿಗೆ ಸ್ಪೇಸರ್ ಜೋಡಿಸಿ ಔಷಧ ಕೊಡುತ್ತೇವೆ.

ನನ್ನ ಮೈದುನ ದುಬೈಯಲ್ಲಿ ಕೆಲಸದಲ್ಲಿದ್ದು, ಈಗ ರಜೆಯ ಮೇಲೆ ಬಂದಿದ್ದಾರೆ. ಮೊದಲು ಸಿಗರೇಟು ಸೇದುತ್ತಿದ್ದರು; ಅದನ್ನು ಬಿಟ್ಟು ಈಗ ಪೆನ್ ಡ್ರೈವ್ ಆಕಾರದ ಇ-ಸಿಗರೇಟು ಬಳಸುತ್ತಾರೆ. ಸಿಗರೇಟು ಸೇದುವಾಗ ಯಾರೂ ಹೇಳದೆಯೇ ಮಾಳಿಗೆಗೆ ಹೋಗುತ್ತಿದ್ದವರು, ಇದನ್ನು ಮಾತ್ರ ಪಡಸಾಲೆಯಲ್ಲಿ ಟಿವಿ ನೋಡುತ್ತ, ಎಷ್ಟೋ ಸಲ ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡೇ ಸೇದುತ್ತಾರೆ. ರಾತ್ರಿ ಮಗಳ ಕುಲಾವಿ ಬಿಚ್ಚಿದರೆ ಅದಕ್ಕೆ ಮಾವಿನಹಣ್ಣಿನ ಸೆಂಟಿನಂಥ ವಾಸನೆ ಅಂಟಿಕೊಂಡಿರುತ್ತದೆ. ನಾನು ಹೇಳಲು ಹೋದರೆ, "ಇದು ಬರೇ ನೀರಿನ ಉಗಿ ಐತ್ರಿ ವೈನಿ, ಹುಡುಗರಿಗೆ ಏನೂ ಆಗೂದಿಲ್ಲ" ಎನ್ನುತ್ತಾರೆ.

ಅವರು ಮಕ್ಕಳೆಂದರೆ ಜೀವ ಬಿಡುವ ಮನುಷ್ಯ. ಸಿಗರೇಟು ಬಿಟ್ಟರೆಂದು ಅತ್ತೆ-ಮಾವ ಬಹಳ ಸಮಾಧಾನಪಟ್ಟಿದ್ದಾರೆ. ಹೀಗಿರುವಾಗ ನಾನೊಬ್ಬಳೇ ತಕರಾರು ತೆಗೆದಂತಾಗುತ್ತದೆ ಎಂಬ ಸಂಕೋಚ ನನಗಿದೆ. ಆದರೂ ಕೇಳುತ್ತೇನೆ: ಇದು ನಿಜವಾಗಿಯೂ ನೀರಿನ ಉಗಿಯೇ? ಸಿಗರೇಟಿನ ಹೊಗೆಗಿಂತ ಕಡಿಮೆ ಕೆಟ್ಟದ್ದು ಎಂಬುದು ನಿಜವಾದರೆ, ಮಕ್ಕಳ ಮಟ್ಟಿಗೆ ಅಷ್ಟು ಸಾಕೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ರಸಾಯನಶಾಸ್ತ್ರ ಅಧ್ಯಾಪಕ, ಧಾರವಾಡ

ತಂಗಿ, ನಿಮ್ಮ ಸಂಕೋಚ ಅರ್ಥವಾಗುತ್ತದೆ, ಆದರೆ ನಿಮ್ಮ ಆತಂಕಕ್ಕೆ ಆಧಾರವಿದೆ. ಮೊದಲು ಆ ಸಾಧನದೊಳಗೆ ಏನಾಗುತ್ತದೆ ಎಂಬುದನ್ನು ಹೇಳುತ್ತೇನೆ.

ಅದರಲ್ಲಿ ತುಂಬಿರುವ ದ್ರವದ ಹೆಚ್ಚಿನ ಪಾಲು ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್. ಅದರ ಜೊತೆಗೆ ನಿಕೋಟಿನ್ ಮತ್ತು ಪರಿಮಳಕ್ಕಾಗಿ ಬೆರೆಸಿದ ರಾಸಾಯನಿಕಗಳು. ಪ್ರೊಪಿಲೀನ್ ಗ್ಲೈಕಾಲ್ ಕುದಿಯುವುದು 188 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಗ್ಲಿಸರಿನ್ 290 ಡಿಗ್ರಿಯಲ್ಲಿ. ಬ್ಯಾಟರಿಯಿಂದ ಕಾದ ಲೋಹದ ಸುರುಳಿ ಈ ದ್ರವವನ್ನು ಕ್ಷಣಮಾತ್ರದಲ್ಲಿ ಆವಿಯಾಗಿಸುತ್ತದೆ. ಆ ಆವಿ ತಂಪು ಗಾಳಿಗೆ ತಾಗಿದೊಡನೆ ಮತ್ತೆ ಸಾಂದ್ರವಾಗಿ, ಕಣ್ಣಿಗೆ ಬಿಡಿಬಿಡಿಯಾಗಿ ಕಾಣದಷ್ಟು ಸಣ್ಣ ಹನಿಗಳಾಗುತ್ತದೆ. ನಿಮ್ಮ ಮೈದುನ ಬಾಯಿಂದ ಬಿಡುವ ಬಿಳಿ ಮೋಡವೆಂದರೆ ಈ ಹನಿಗಳ ಗುಂಪು. ಅದರಲ್ಲಿ ನೀರು ಇರಬಹುದು, ಆದರೆ ಮುಖ್ಯ ಪದಾರ್ಥ ನೀರಲ್ಲ. ಅಮೆರಿಕದ ಸರ್ಜನ್ ಜನರಲ್, ಅಂದರೆ ಅಲ್ಲಿನ ಸಾರ್ವಜನಿಕ ಆರೋಗ್ಯದ ಉನ್ನತ ಅಧಿಕಾರಿ, 2016ರ ತಮ್ಮ ವರದಿಯಲ್ಲಿ, ಇದು ನಿರಪಾಯಕಾರಿ ನೀರಾವಿಯಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದಾರೆ.

ಕಾಯುವಾಗ ಹೊಸ ಪದಾರ್ಥಗಳೂ ಹುಟ್ಟುತ್ತವೆ. ಮಿರ್ಚಿ ಭಜಿ ಕರಿಯುವ ಎಣ್ಣೆ ಹದ ಮೀರಿ ಕಾದಾಗ ಅಡುಗೆಮನೆಯಲ್ಲಿ ಕಣ್ಣು ಉರಿಸಿ ಕೆಮ್ಮು ತರಿಸುವ ಹೊಗೆ ಏಳುತ್ತದಲ್ಲ, ಅದರಲ್ಲಿ ಅಕ್ರೋಲೀನ್ ಎಂಬ ಪದಾರ್ಥವಿರುತ್ತದೆ. ಎಣ್ಣೆಯಲ್ಲಿರುವ ಗ್ಲಿಸರಾಲ್ ಭಾಗ ಒಡೆದು ಅದು ಉಂಟಾಗುತ್ತದೆ. ಇ-ಸಿಗರೇಟಿನ ಗ್ಲಿಸರಿನ್ ಅತಿಯಾಗಿ ಕಾದಾಗಲೂ ಅದೇ ಅಕ್ರೋಲೀನ್ ಹುಟ್ಟುತ್ತದೆ, ಫಾರ್ಮಾಲ್ಡಿಹೈಡ್ ಮತ್ತು ಅಸಿಟಾಲ್ಡಿಹೈಡ್ ಕೂಡ ಉಂಟಾಗುತ್ತವೆ. ಸುರುಳಿ ಹಾಗೂ ಬೆಸುಗೆಯಿಂದ ನಿಕೆಲ್, ಕ್ರೋಮಿಯಂ, ತವರ, ಸೀಸ ಅತ್ಯಲ್ಪ ಪ್ರಮಾಣದಲ್ಲಿ ಹನಿಗಳೊಂದಿಗೆ ಸೇರುತ್ತವೆ. ಪರಿಮಳದ ರಾಸಾಯನಿಕಗಳ ಪೈಕಿ ಹಲವು ತಿನ್ನಲು ಸುರಕ್ಷಿತವೆಂದು ಒಪ್ಪಿಗೆ ಪಡೆದವು. ಹೊಟ್ಟೆಗೆ ಹೋದರೆ ಏನೂ ಮಾಡದ ಪದಾರ್ಥ ಪುಪ್ಪುಸಕ್ಕೂ ಏನೂ ಮಾಡದು ಎಂದು ಹೇಳಲು ಬರುವುದಿಲ್ಲ. ಬೆಣ್ಣೆಯ ಪರಿಮಳ ಕೊಡುವ ಡೈಅಸಿಟೈಲ್ ಇದಕ್ಕೆ ಉದಾಹರಣೆ: ಅಮೆರಿಕದ ಪಾಪ್‌ಕಾರ್ನ್ ಕಾರ್ಖಾನೆಗಳಲ್ಲಿ ಅದರ ಆವಿಯನ್ನು ದಿನವಿಡೀ ಉಸಿರಾಡಿದ ಕಾರ್ಮಿಕರ ಶ್ವಾಸನಾಳಗಳು ಮತ್ತೆ ಸರಿಹೋಗದಂತೆ ಕೆಟ್ಟವು. ಕೆಲವು ಇ-ಸಿಗರೇಟು ದ್ರವಗಳಲ್ಲಿಯೂ ಅದು ಪತ್ತೆಯಾಗಿದೆ.

ಇನ್ನು ಎರಡನೆಯ ಮಾತು. ಸಿಗರೇಟಿಗೆ ಹೋಲಿಸಿದರೆ ಕೋಣೆಯ ಗಾಳಿಗೆ ಸೇರುವ ಮಲಿನ ಪದಾರ್ಥ ಇದರಲ್ಲಿ ಬಹಳ ಕಡಿಮೆ. ಇದನ್ನು ಮುಚ್ಚಿಡಬಾರದು, ಏಕೆಂದರೆ ನಿಮ್ಮ ಮೈದುನ ಹೇಳುವುದರಲ್ಲಿ ಸತ್ಯವಿರುವುದು ಇಲ್ಲಿಯೇ. ಸಿಗರೇಟನ್ನು ಕೈಯಲ್ಲಿ ಹಿಡಿದುಕೊಂಡಿದ್ದರೂ ಅದರ ತುದಿ ಉರಿಯುತ್ತಲೇ ಇರುತ್ತದೆ, ಕೋಣೆ ತುಂಬುವ ಹೊಗೆಯ ದೊಡ್ಡ ಪಾಲು ಆ ತುದಿಯಿಂದಲೇ ಬರುತ್ತದೆ. ಇ-ಸಿಗರೇಟಿನಲ್ಲಿ ಉರಿಯುವ ತುದಿಯೇ ಇಲ್ಲ. ಸೇದಿದವರು ಬಿಟ್ಟಷ್ಟೇ ಹೊರಗೆ ಬರುತ್ತದೆ, ನಿಕೋಟಿನ್‌ನ ಬಹುಪಾಲು ಅವರ ದೇಹದಲ್ಲೇ ಉಳಿಯುತ್ತದೆ. ತಂಬಾಕಿನ ಎಲೆ ಸುಡುವುದಿಲ್ಲವಾದ್ದರಿಂದ, ಹೊಗೆಯಲ್ಲಿರುವ ಟಾರ್ ಎಂಬ ಅಂಟು ಪದಾರ್ಥ ಇದರಲ್ಲಿ ಇಲ್ಲ.

ಆದರೆ ಬಹಳ ಕಡಿಮೆ ಎಂದರೆ ಎಷ್ಟು? ಇದಕ್ಕೆ ಮಕ್ಕಳ ರಕ್ತದಲ್ಲೇ ಅಳೆದ ಉತ್ತರವಿದೆ. ನಿಕೋಟಿನ್ ದೇಹ ಸೇರಿದ ಮೇಲೆ ಯಕೃತ್ತು ಅದನ್ನು ಕೋಟಿನಿನ್ ಎಂಬ ಪದಾರ್ಥವಾಗಿ ಬದಲಿಸುತ್ತದೆ. ರಕ್ತದಲ್ಲಿ ಅದರ ಪ್ರಮಾಣ ನೋಡಿದರೆ ಮಗು ಎಷ್ಟು ನಿಕೋಟಿನ್ ಹೀರಿಕೊಂಡಿದೆ ಎಂಬುದು ತಿಳಿಯುತ್ತದೆ. ಅಮೆರಿಕದಲ್ಲಿ 2017ರಿಂದ 2020ರವರೆಗೆ 3ರಿಂದ 11 ವರ್ಷದ 1,777 ಮಕ್ಕಳಿಂದ ಪಡೆದ ಮಾಹಿತಿಯನ್ನು ಲಂಡನ್ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ವಿಶ್ಲೇಷಿಸಿ 2024ರಲ್ಲಿ ಪ್ರಕಟಿಸಿದರು. ತಂಬಾಕಿನ ಹೊಗೆಗೆ ಒಡ್ಡಿಕೊಂಡ ಮಕ್ಕಳಲ್ಲಿ ಒಂದು ಲೀಟರಿಗೆ ಸರಾಸರಿ 0.494 ಮೈಕ್ರೋಗ್ರಾಂ, ಇ-ಸಿಗರೇಟಿನ ಆವಿಗೆ ಮಾತ್ರ ಒಡ್ಡಿಕೊಂಡವರಲ್ಲಿ 0.081, ಎರಡೂ ಇಲ್ಲದವರಲ್ಲಿ 0.016 ಮೈಕ್ರೋಗ್ರಾಂ ಕೋಟಿನಿನ್ ಕಂಡುಬಂತು. ಅಂದರೆ ಹೊಗೆಗಿಂತ ಆವಿಯಿಂದ ನಿಕೋಟಿನ್ ಸೇರುವುದು ಶೇಕಡಾ 84ರಷ್ಟು ಕಡಿಮೆ. ಆದರೆ ಎರಡೂ ಇಲ್ಲದ ಮನೆಯ ಮಗುವಿಗಿಂತ ಅದು ಸುಮಾರು 5 ಪಟ್ಟು ಹೆಚ್ಚು.

ನಿಮ್ಮ ಮೈದುನ ಮೊದಲ ಎರಡು ಅಂಕಿಗಳನ್ನು ಹೋಲಿಸುತ್ತಿದ್ದಾರೆ. ತಮ್ಮ ಮಟ್ಟಿಗೆ ಅವರು ಮಾಡುತ್ತಿರುವುದು ಸರಿ, ಏಕೆಂದರೆ ಸಿಗರೇಟು ಬಿಟ್ಟು ಇದಕ್ಕೆ ಬಂದವರು ಅವರು. ನಿಮ್ಮ ಮಗಳು ಸಿಗರೇಟು ಬಿಟ್ಟು ಬಂದವಳಲ್ಲ. ಅವಳ ಮಟ್ಟಿಗೆ ಹೋಲಿಸಬೇಕಾದದ್ದು ಎರಡನೆಯ ಮತ್ತು ಮೂರನೆಯ ಅಂಕಿಗಳನ್ನು. ಸಿಗರೇಟು ಸೇದುವಾಗ ಅವರು ಮಾಳಿಗೆಗೆ ಹೋಗುತ್ತಿದ್ದರೆಂದ ಮೇಲೆ, ನಿಮ್ಮ ಪಡಸಾಲೆಯ ಗಾಳಿ ಆಗ ಇದ್ದುದಕ್ಕಿಂತ ಈಗಲೇ ಕೆಟ್ಟಿದೆ.

ಉತ್ತರ: ಸಿಗರೇಟು ಬಿಟ್ಟವನು, ಗದಗ

ಅಧ್ಯಾಪಕರು ಹೇಳಿದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇನ್ನೊಂದು ಬದಿಯಿಂದಲೂ ಯೋಚಿಸಬೇಕೆಂದು ಕೇಳಿಕೊಳ್ಳುತ್ತೇನೆ. ನಾನು ಕಾಲೇಜಿನ ದಿನಗಳಿಂದ ಸಿಗರೇಟು ಸೇದುತ್ತಿದ್ದವನು. ಬಿಡಬೇಕೆಂದು ಮಾಡಿದ ಪ್ರಯತ್ನಗಳೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಗಿದ್ದವು. ವಿದೇಶದಲ್ಲಿ ಕೆಲಸದಲ್ಲಿದ್ದಾಗ ಇ-ಸಿಗರೇಟು ಹಿಡಿದೆ, ಅದರಿಂದ ಸಿಗರೇಟು ದೂರವಾಯಿತು, ಊರಿಗೆ ಮರಳಿದ ಮೇಲೆ ಅದನ್ನೂ ಬಿಟ್ಟೆ. ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ಸಂಸ್ಥೆ 2015ರಲ್ಲಿಯೇ ಇದು ಸಿಗರೇಟಿಗಿಂತ ಸುಮಾರು ಶೇಕಡಾ 95ರಷ್ಟು ಕಡಿಮೆ ಹಾನಿಕರ ಎಂದು ಅಂದಾಜು ಮಾಡಿತ್ತು.

ಮೈದುನನನ್ನು ಮನೆಯವರೆಲ್ಲ ಸೇರಿ ಅಪರಾಧಿಯಂತೆ ನಿಲ್ಲಿಸಿದರೆ, ಆ ಬೇಸರಕ್ಕೆ ಅವರು ಹಳೆಯ ಚಟಕ್ಕೆ ಮರಳುವ ಸಂಭವ ನಿಜವಾಗಿಯೂ ಇದೆ. ಚಟ ಬಿಡುವವನಿಗೆ ಮನೆಯವರ ಮೆಚ್ಚುಗೆ ದೊಡ್ಡ ಆಸರೆ, ಅದನ್ನು ಕಿತ್ತುಕೊಳ್ಳಬೇಡಿರಿ. ಮಕ್ಕಳ ಎದುರಿಗೆ ಬೇಡ ಎನ್ನುವುದು ಸರಿಯಾದ ಮಾತೇ. ಸಿಗರೇಟು ಬಿಟ್ಟದ್ದನ್ನು ಮೊದಲು ಮನಸಾರೆ ಮೆಚ್ಚಿ, ಆಮೇಲೆ ಈ ಮಾತನ್ನು ಎತ್ತಿರಿ.

ಉತ್ತರ: ರಸಾಯನಶಾಸ್ತ್ರ ಅಧ್ಯಾಪಕ, ಧಾರವಾಡ

ಗದಗಿನ ಸಹೋದರರ ಮಾತು ತೂಕದ್ದು. ಒಂದನ್ನು ಮಾತ್ರ ಸೇರಿಸುತ್ತೇನೆ. ಆ ಶೇಕಡಾ 95 ಎಂಬ ಅಂದಾಜು ಸೇದುವವರ ಬಗ್ಗೆ ಮಾಡಿದ್ದು; ಅದನ್ನು ತೊಟ್ಟಿಲಲ್ಲಿರುವ ಮಗುವಿಗೆ ಅನ್ವಯಿಸಲು ಬರುವುದಿಲ್ಲ. ಸಿಗರೇಟು ಬಿಡಲು ಇ-ಸಿಗರೇಟನ್ನು ಜಗತ್ತಿನಲ್ಲೇ ಹೆಚ್ಚು ಬೆಂಬಲಿಸುವ ದೇಶಗಳಲ್ಲಿ ಬ್ರಿಟನ್ ಒಂದು. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆಯು ಸಿಗರೇಟು ಬಿಡುವವರಿಗೆ ಇದನ್ನು ಸಲಹೆ ಮಾಡುತ್ತಲೇ, ಶಿಶುಗಳು ಮತ್ತು ಮಕ್ಕಳ ಬಳಿ ಇದನ್ನು ಸೇದದಿರುವುದು ಒಳ್ಳೆಯದು ಎಂದೂ ಹೇಳುತ್ತದೆ. ಮೈದುನನವರಿಗೆ ಇದನ್ನು ತೋರಿಸಿದರೆ, ಚಟದ ವಿರೋಧಿಗಳ ಮಾತೆಂದು ತಳ್ಳಿಹಾಕಲು ಅವರಿಗೂ ಆಗಲಾರದು.

ಉತ್ತರ: ಮಕ್ಕಳ ವಿಭಾಗದ ಶುಶ್ರೂಷಕಿ, ಹಾವೇರಿ

ಅಕ್ಕಾ, ನಾನು ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುವವಳು. ಇಲ್ಲಿ ಇನ್ನೂ ಬಾರದ ಕೆಲವು ಮಾತುಗಳನ್ನು ಹೇಳಬೇಕೆನಿಸಿತು.

ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ನಿಮ್ಮ ಮಗಳ ವಯಸ್ಸಿನ ಕೂಸು 30 ಅಥವಾ ಅದಕ್ಕಿಂತಲೂ ಹೆಚ್ಚು ಸಲ ಉಸಿರಾಡುತ್ತದೆ. ತೂಕಕ್ಕೆ ಹೋಲಿಸಿದರೆ ಒಂದೇ ಕೋಣೆಯ ಗಾಳಿಯಿಂದ ಕೂಸಿನ ದೇಹಕ್ಕೆ ಸೇರುವ ಪಾಲು ದೊಡ್ಡವರದಕ್ಕಿಂತ ಹೆಚ್ಚು. ಅದರ ಮೇಲೆ, ತೊಡೆಯ ಮೇಲೆ ಕುಳಿತ ಮಗುವಿನ ಮುಖ ಸೇದುವವರ ಬಾಯಿಗೆ ಒಂದು ಗೇಣಿನ ಅಂತರದಲ್ಲಿರುತ್ತದೆ. ಮೋಡ ಚದುರುವ ಮೊದಲೇ ಅದು ಮಗುವಿನ ಉಸಿರಿಗೆ ಸಿಗುತ್ತದೆ. ಎಂಟು ತಿಂಗಳೆಂದರೆ ಅಂಬೆಗಾಲಿಡುವ ವಯಸ್ಸು. ಆವಿಯ ಹನಿಗಳು ಬೇಗನೆ ಆರಿ ಕಣ್ಣಿಗೆ ಕಾಣದಾದರೂ, ಅವುಗಳಲ್ಲಿದ್ದ ನಿಕೋಟಿನ್ ಸ್ವಲ್ಪ ಮಟ್ಟಿಗೆ ನೆಲ, ಸೋಫಾ, ಪರದೆ, ಬಟ್ಟೆಗಳ ಮೇಲೆ ಕೂಡುತ್ತದೆ. ಮಗು ನೆಲ ಮುಟ್ಟಿದ ಕೈಯನ್ನೇ ಬಾಯಿಗೆ ಹಾಕುತ್ತದೆ, ದೊಡ್ಡವರ ಅಂಗಿಯ ತುದಿಯನ್ನು ಚೀಪುತ್ತದೆ. ನೀವು ಕುಲಾವಿಯಲ್ಲಿ ಗುರುತಿಸಿದ ವಾಸನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿರಿ. ಆ ಆವಿ ಮಗುವಿನ ತಲೆಯವರೆಗೂ ಬಂದು ಕೂತಿದೆ ಎಂಬುದು ಅದರಿಂದ ತಿಳಿಯುತ್ತದೆ.

ಮಗನ ವಿಷಯ ಇನ್ನೂ ಹೆಚ್ಚು ಎಚ್ಚರದ್ದು. ದಮ್ಮು ಇರುವ ಮಗುವಿನ ಶ್ವಾಸನಾಳಗಳು ಸಣ್ಣ ಕೆರಳಿಕೆಗೂ ಬಿಗಿಯುತ್ತವೆ. ಅಮೆರಿಕದ ಫ್ಲಾರಿಡಾದಲ್ಲಿ 11ರಿಂದ 17 ವರ್ಷದ, ಆಸ್ತಮಾ ಇರುವ ಮಕ್ಕಳನ್ನು ವಿಚಾರಿಸಿದಾಗ, ಬೇರೆಯವರ ಇ-ಸಿಗರೇಟಿನ ಆವಿಗೆ ಒಡ್ಡಿಕೊಂಡವರಲ್ಲಿ ಹಿಂದಿನ ಒಂದು ವರ್ಷದಲ್ಲಿ ಆಸ್ತಮಾ ಕೆರಳಿದ ಸಂಭವ ಶೇಕಡಾ 27ರಷ್ಟು ಹೆಚ್ಚಿತ್ತು. ಸ್ವತಃ ಸೇದುವುದು, ಮನೆಯಲ್ಲಿ ಸಿಗರೇಟಿನ ಹೊಗೆ ಇರುವುದು ಇಂಥ ಕಾರಣಗಳನ್ನು ಲೆಕ್ಕದಲ್ಲಿ ಸರಿದೂಗಿಸಿದ ಮೇಲೂ ಈ ವ್ಯತ್ಯಾಸ ಉಳಿಯಿತು. ದಕ್ಷಿಣ ಕ್ಯಾಲಿಫೋರ್ನಿಯಾದ ಯುವಜನರನ್ನು 2014ರಿಂದ 2019ರವರೆಗೆ ಗಮನಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ, ತಾವು ಏನನ್ನೂ ಸೇದದೆ ಬೇರೆಯವರ ಆವಿ ಉಸಿರಾಡಿದವರಲ್ಲಿ ಕಫದ ಕೆಮ್ಮು ಮತ್ತು ಏದುಸಿರು ಹೆಚ್ಚು ಕಂಡುಬಂದವು. ಇವೆಲ್ಲ ಜನರನ್ನು ಕೇಳಿ ತಿಳಿದುಕೊಂಡ ಅಧ್ಯಯನಗಳು. ಇದರಿಂದಲೇ ಇದಾಯಿತೆಂದು ಅವು ಕಡ್ಡಿ ಮುರಿದಂತೆ ಹೇಳಲಾರವು. ದಮ್ಮಿನ ಮಗುವಿರುವ ಮನೆಯಲ್ಲಿ ಪೂರ್ತಿ ಪುರಾವೆ ಕೂಡಿಬರಲಿ ಎಂದು ಯಾರೂ ಕಾಯಬೇಕಾಗಿಲ್ಲ.

ಈಗ ಹೇಳುವ ಮಾತನ್ನು ಇವತ್ತೇ ನಡೆಸಿರಿ. ಆವಿಯಿಂದಾಗುವ ತೊಂದರೆ ನಿಧಾನದ್ದು, ಆದರೆ ಆ ದ್ರವ ಮಗುವಿನ ಹೊಟ್ಟೆಗೆ ಹೋದರೆ ಅಪಾಯ ತಕ್ಷಣದ್ದು. ಬಾಟಲಿಯಲ್ಲಿ ಬರುವ ದ್ರವ ಅರ್ಧ ಚಹಾ ಚಮಚದಷ್ಟು ಹೊಟ್ಟೆ ಸೇರಿದರೂ ಪುಟ್ಟ ಮಗುವಿನ ಜೀವಕ್ಕೆ ಕುತ್ತಾಗಬಹುದು ಎಂದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ ಎಚ್ಚರಿಸಿದೆ. 2014ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಒಂದು ವರ್ಷದ ಮಗು ಹೀಗೆಯೇ ತೀರಿಕೊಂಡಿತು. ಆ ಬಳಿಕ ಅಲ್ಲಿ ಮಕ್ಕಳಿಗೆ ತೆರೆಯಲಾಗದ ಮುಚ್ಚಳವನ್ನು ಕಡ್ಡಾಯ ಮಾಡುವ ಕಾಯ್ದೆ ಬಂತು. ಮಾವಿನಹಣ್ಣಿನ ವಾಸನೆ, ಬಣ್ಣಬಣ್ಣದ ಡಬ್ಬಿ, ಕಾಕಾ ದಿನವೂ ಬಾಯಿಗಿಡುವ ವಸ್ತು. ಐದು ವರ್ಷದ ಹುಡುಗನಿಗೆ ಅದನ್ನು ಒಮ್ಮೆ ಬಾಯಿಗಿಟ್ಟು ನೋಡಬೇಕೆಂಬ ಆಸೆ ಹುಟ್ಟದೆ ಇರುತ್ತದೆಯೇ? ಸಾಧನವನ್ನೂ ಮರುಪೂರಣದ ಡಬ್ಬಿಗಳನ್ನೂ ಬೀಗ ಹಾಕಿದ ಕಪಾಟಿನಲ್ಲಿ ಇಡಿಸಿರಿ; ಟಿವಿಯ ಮುಂದಿನ ಟೀಪಾಯಿ, ತಲೆದಿಂಬಿನ ಕೆಳಗೆ, ಗೂಟಕ್ಕೆ ತೂಗುಬಿಟ್ಟ ಪ್ಯಾಂಟಿನ ಜೇಬು ಇವು ಯಾವುವೂ ಆಗವು. ಹಾಗೇನಾದರೂ ಬಾಯಿಗೆ ಹೋದರೆ ವಾಂತಿ, ಜೊಲ್ಲು ಸುರಿಯುವುದು, ಮುಖ ಬಿಳಿಚುವುದು, ಕೈಕಾಲು ನಡುಗುವುದು ಕಾಣಿಸಿಕೊಳ್ಳುತ್ತವೆ. ಬಲವಂತವಾಗಿ ವಾಂತಿ ಮಾಡಿಸಲು ಹೋಗಬೇಡಿರಿ. 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ಗಾಡಿಯಲ್ಲಿ ಆಸ್ಪತ್ರೆಗೆ ಕರೆದೊಯ್ಯಿರಿ, ಆ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. ಚರ್ಮದ ಮೇಲೆ ಚೆಲ್ಲಿದರೂ ನಿಕೋಟಿನ್ ಒಳಗೆ ಇಳಿಯುತ್ತದೆ. ಆದ್ದರಿಂದ ಕೂಡಲೇ ಸಾಕಷ್ಟು ನೀರು ಹಾಕಿ ತೊಳೆಯಬೇಕು.

ಪ್ರಶ್ನೆ ಕೇಳಿದ ತಾಯಿ, ಹುಬ್ಬಳ್ಳಿ

ಎಲ್ಲರಿಗೂ ತುಂಬ ಧನ್ಯವಾದಗಳು. ಬೀಗದ ಕಪಾಟಿನ ಮಾತನ್ನು ಈಗಲೇ ನಡೆಸಿದ್ದೇನೆ, ಅದಕ್ಕೆ ಮೈದುನನವರು ತಾವೇ ಮುಂದಾಗಿ ಒಪ್ಪಿದರು. ಆವಿಯ ಮಾತಿಗೆ ಮಾತ್ರ ನಮ್ಮ ಅತ್ತೆಯವರು, "ಬಾಣಂತಿ ಕೋಣ್ಯಾಗ ಶೇಗಡಿ ಮ್ಯಾಲ ಲೋಬಾನ ಹಾಕಿ ಕೂಸಿಗೆ ಹೊಗಿ ಕೊಡಲಿಲ್ಲೇನು? ನಿನ್ನ ಗಂಡನೂ ಹಂಗ ಬೆಳದಾನ. ಇದರಾಗೇನು ಮಹಾ?" ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಸಂಜೆ ಸೊಳ್ಳೆ ಬತ್ತಿ ಹಚ್ಚುವುದೂ ನಮ್ಮ ಮನೆಯಲ್ಲಿ ರೂಢಿಯಲ್ಲಿದೆ. ಇದಕ್ಕೇನು ಹೇಳಬೇಕು?

ಉತ್ತರ: ಮಕ್ಕಳ ವಿಭಾಗದ ಶುಶ್ರೂಷಕಿ, ಹಾವೇರಿ

ಅಕ್ಕಾ, ನಿಮ್ಮ ಅತ್ತೆಯವರ ಪ್ರಶ್ನೆ ನ್ಯಾಯವಾದದ್ದು. ಇದನ್ನು ಜಾರಿಸಿ ಉತ್ತರಿಸಿದರೆ ನಿಮ್ಮ ಮಾತಿಗೆ ಬೆಲೆ ಉಳಿಯುವುದಿಲ್ಲ. ಲೋಬಾನದ ಹೊಗೆಯೂ ಕೂಸಿನ ಪುಪ್ಪುಸಕ್ಕೆ ಹೊಗೆಯೇ. ಉರಿಯುವ ಇದ್ದಿಲಿನಿಂದ ಕಾರ್ಬನ್ ಮಾನಾಕ್ಸೈಡ್ ಕೂಡ ಹೊರಬರುತ್ತದೆ. ಕದ-ಕಿಟಕಿ ಮುಚ್ಚಿದ ಬಾಣಂತಿ ಕೋಣೆಯಲ್ಲಿ ಶೇಗಡಿ ಇಡುವುದನ್ನು ನಮ್ಮ ವಾರ್ಡಿನ ವೈದ್ಯರೆಲ್ಲರೂ ಬೇಡವೆನ್ನುತ್ತಾರೆ. ಸೊಳ್ಳೆ ಬತ್ತಿಯ ಬಗ್ಗೆ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಒಂದು ಬತ್ತಿ ಪೂರ್ತಿ ಉರಿದರೆ ಅದರಿಂದ ಏಳುವ ಅತಿಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳಷ್ಟಾಗುತ್ತವೆ ಎಂದು ಲೆಕ್ಕ ಹಾಕಿತ್ತು. ದಮ್ಮಿನ ಮಗುವಿರುವ ಮನೆಯಲ್ಲಿ ಸೊಳ್ಳೆ ಪರದೆ ಕಟ್ಟುವುದು, ಕಿಟಕಿಗೆ ಜಾಳಿಗೆ ಹಾಕಿಸುವುದು ಒಳ್ಳೆಯದು. ಊದುಬತ್ತಿಯನ್ನು ದೇವರ ಮನೆಯಲ್ಲಿ ಒಂದು ಹಚ್ಚಿ, ಕಿಟಕಿ ತೆರೆದಿಟ್ಟರೆ ಸಾಕು.

ನೀವು ಮೈದುನನವರ ಒಂದೇ ಸಾಧನದ ಬೆನ್ನು ಬಿದ್ದಿಲ್ಲ, ಮಕ್ಕಳಿರುವ ಕೋಣೆಯ ಗಾಳಿ ಚೊಕ್ಕಟವಾಗಿರಲಿ ಎನ್ನುತ್ತಿದ್ದೀರಿ. ಸೊಳ್ಳೆ ಬತ್ತಿಯನ್ನು ನೀವೇ ಮೊದಲು ನಿಲ್ಲಿಸಿರಿ. ಆಮೇಲೆ ಅವರಿಗೆ ಹೇಳುವುದು ಸುಲಭವಾಗುತ್ತದೆ, ಅತ್ತೆಯವರೂ ಅದನ್ನು ಬೇರೆ ರೀತಿಯಲ್ಲಿ ಕೇಳಿಸಿಕೊಳ್ಳುತ್ತಾರೆ. ಲೋಬಾನಕ್ಕೂ ಇ-ಸಿಗರೇಟಿಗೂ ಇರುವ ಒಂದು ದೊಡ್ಡ ಅಂತರ ನಿಕೋಟಿನ್. ಅದು ಬೆಳೆಯುತ್ತಿರುವ ಮಿದುಳಿನ ಮೇಲೆ ಕೆಲಸ ಮಾಡುವ ಪದಾರ್ಥ, ಲೋಬಾನದಲ್ಲಿ ಅದಿಲ್ಲ. ಲೋಬಾನ ಹಾಕುವುದು ಕೂಸಿಗೆ ಎರೆದ ಮೇಲೆ ಒಂದು ಹೊತ್ತು, ಅದೂ ಕೆಲವು ತಿಂಗಳ ಮಟ್ಟಿಗೆ. ಇ-ಸಿಗರೇಟು ಸೇದುವವರು ದಿನವಿಡೀ ಸೇದುತ್ತಿರುತ್ತಾರೆ, ಏಕೆಂದರೆ ಸಿಗರೇಟಿನಂತೆ ಅದು ಒಂದು ಹಂತದಲ್ಲಿ ಮುಗಿದುಹೋಗುವುದಿಲ್ಲ.

ಉತ್ತರ: ವಕೀಲ, ಹುಬ್ಬಳ್ಳಿ

ಕಾನೂನಿನ ಮಾತು ಯಾರೂ ಎತ್ತಲಿಲ್ಲವಾದ್ದರಿಂದ ಚಿಕ್ಕದಾಗಿ ಹೇಳುತ್ತೇನೆ. ಕರ್ನಾಟಕ ಸರ್ಕಾರ 2016ರಲ್ಲಿಯೇ ಇ-ಸಿಗರೇಟನ್ನು ನಿಷೇಧಿಸಿತ್ತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ಡಿಸೆಂಬರಿನಲ್ಲಿ ಅದನ್ನು ಕಾಯ್ದೆಯಾಗಿಸಿತು. ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ಹಂಚಿಕೆ, ದಾಸ್ತಾನು, ಜಾಹೀರಾತು ಎಲ್ಲವೂ ನಿಷಿದ್ಧ. ನಿಕೋಟಿನ್ ಇದ್ದರೂ ಇಲ್ಲದಿದ್ದರೂ ನಿಷೇಧ ಒಂದೇ. ಮೊದಲ ಅಪರಾಧಕ್ಕೆ 1 ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ದಾಸ್ತಾನಿಗೆ 6 ತಿಂಗಳವರೆಗೆ ಸೆರೆವಾಸ ಅಥವಾ 50,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಸೇದುವುದನ್ನೇ ಅಪರಾಧವೆಂದು ಕಾಯ್ದೆ ಹೆಸರಿಸಿಲ್ಲ. ಆದರೆ ವಿದೇಶದಿಂದ ತರುವುದು, ಇಲ್ಲಿ ಯಾರಿಂದಲೋ ತರಿಸುವುದು ಇವೆಲ್ಲ ತೊಡಕಿನ ವಿಷಯಗಳು ಎಂಬುದನ್ನು ಮೈದುನನವರಿಗೆ ಸಮಾಧಾನದಿಂದ ತಿಳಿಸಿರಿ.

ನಿಷೇಧದಿಂದ ಆಗಿರುವ ಇನ್ನೊಂದು ಪರಿಣಾಮವನ್ನೂ ಗಮನಿಸಬೇಕು. ಇಲ್ಲಿ ಕದ್ದುಮುಚ್ಚಿ ಮಾರುವ ಸರಕಿಗೆ ಗುಣಮಟ್ಟದ ಪರೀಕ್ಷೆಯೇ ಇಲ್ಲ. ಡಬ್ಬಿಯ ಮೇಲೆ ಏನು ಬರೆದಿದೆಯೋ ಒಳಗೆ ಅದೇ ಇದೆ ಎಂದು ನಂಬಲು ಆಧಾರವಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2009ರಲ್ಲಿ ಪರೀಕ್ಷಿಸಿದಾಗ, ನಿಕೋಟಿನ್ ಇಲ್ಲವೆಂದು ಬರೆದಿದ್ದ ಡಬ್ಬಿಗಳಲ್ಲಿಯೂ ಅದು ಸಿಕ್ಕಿತ್ತು.

ಉತ್ತರ: ಸಿಗರೇಟು ಬಿಟ್ಟವನು, ಗದಗ

ವಕೀಲರ ಮಾತಿನಿಂದ ಮೈದುನನವರ ಎದೆ ಒಡೆಯದಿರಲಿ, ಮುಂದಿನ ದಾರಿಯನ್ನೂ ತೋರಿಸೋಣ. ತಂಬಾಕು ಬಿಡುವವರಿಗಾಗಿ ಕೇಂದ್ರ ಆರೋಗ್ಯ ಇಲಾಖೆಯ ಉಚಿತ ಸಹಾಯವಾಣಿ ಇದೆ: 1800-11-2356. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದಿಂದ ಕನ್ನಡದಲ್ಲಿಯೇ ಮಾತನಾಡುತ್ತಾರೆ, ಚಟ ಬಿಡುವ ದಿನವನ್ನು ನಿಮ್ಮೊಂದಿಗೇ ಗೊತ್ತು ಮಾಡಿ, ಆಮೇಲೆ ತಾವೇ ಮತ್ತೆ ಕರೆ ಮಾಡಿ ವಿಚಾರಿಸುತ್ತಾರೆ. ಧಾರವಾಡದ ಡಿಮ್ಹಾನ್ಸ್‌ನಲ್ಲಿಯೂ ಚಟ ಬಿಡಿಸುವ ವೈದ್ಯರನ್ನು ಕಾಣಬಹುದು. ಔಷಧದಂಗಡಿಯಲ್ಲಿ ಸಿಗುವ 2 ಮಿಲಿಗ್ರಾಮಿನ ನಿಕೋಟಿನ್ ಗಮ್ ನನಗೆ ಕೊನೆಯ ಹಂತದಲ್ಲಿ ಬಹಳ ನೆರವಾಯಿತು. ಅದರಿಂದ ಗಾಳಿಗೆ ಏನೂ ಸೇರುವುದಿಲ್ಲ, ಆದ್ದರಿಂದ ಮಕ್ಕಳ ಪಕ್ಕದಲ್ಲಿ ಕುಳಿತೇ ಅಗಿಯಬಹುದು. ಆದರೆ ಅದೂ ನಿಕೋಟಿನ್ ಆದ್ದರಿಂದ ಮಕ್ಕಳ ಕೈಗೆಟುಕಬಾರದು.

ಬಿಡುವವರೆಗೆ ಅವರು ಮಾಳಿಗೆಗೆ ಹೋಗಲಿ. ಸೇದಿದ ಮೇಲೆ ಕೈ ಮತ್ತು ಮುಖ ತೊಳೆದು, ಮೇಲಿನ ಅಂಗಿ ಬದಲಿಸಿ, ಸ್ವಲ್ಪ ಹೊತ್ತು ತಡೆದು ಮಗುವನ್ನು ಎತ್ತಿಕೊಳ್ಳಲಿ. ಕಾರಿನಲ್ಲಿ ಮಾತ್ರ, ಕಿಟಕಿ ಇಳಿಸಿದ್ದರೂ, ಬೇಡವೇ ಬೇಡ. ಅಷ್ಟು ಚಿಕ್ಕ ಜಾಗದಲ್ಲಿ ಆವಿ ಹಿಂದಿನ ಸೀಟಿನಲ್ಲಿರುವ ಮಕ್ಕಳ ಕಡೆಗೇ ಹೋಗುತ್ತದೆ.

ಪ್ರಶ್ನೆ ಕೇಳಿದ ತಾಯಿ, ಹುಬ್ಬಳ್ಳಿ

ನಿನ್ನೆ ರಾತ್ರಿ ಊಟವಾದ ಮೇಲೆ ನನ್ನ ಯಜಮಾನರು ತಮ್ಮನನ್ನು ಕೂಡಿಸಿಕೊಂಡು ಮಾತನಾಡಿದರು. ಸಿಗರೇಟು ಬಿಟ್ಟದ್ದನ್ನು ಮೊದಲು ಮೆಚ್ಚಿಕೊಂಡು, ಆಮೇಲೆ ಆ ಮೂರು ಅಂಕಿಗಳನ್ನು ಕಾಗದದ ಮೇಲೆ ಬರೆದು ತೋರಿಸಿದರು. ಮೈದುನನವರು ಅದನ್ನು ಬಹಳ ಹೊತ್ತು ನೋಡಿ, ಇನ್ನು ಮೇಲೆ ಮನೆಯೊಳಗೆ ಸೇದುವುದಿಲ್ಲ ಎಂದರು. ಸಹಾಯವಾಣಿಯ ಸಂಖ್ಯೆಯನ್ನು ಫೋನಿನಲ್ಲಿ ಬರೆದುಕೊಂಡಿದ್ದಾರೆ. ಸೊಳ್ಳೆ ಬತ್ತಿಯನ್ನು ನಾನು ನಿಲ್ಲಿಸಿದ್ದೇನೆ, ಪರದೆ ತಂದಾಯಿತು.

ಒಂದೇ ಪ್ರಶ್ನೆ ಉಳಿದಿದೆ. ಈವರೆಗೆ ಪಡಸಾಲೆಯಲ್ಲಿ ಕೂತಿರುವುದನ್ನು ತೆಗೆಯುವುದು ಹೇಗೆ? ಮಗಳಿಗೆ ರಕ್ತಪರೀಕ್ಷೆ ಏನಾದರೂ ಮಾಡಿಸಬೇಕೇ?

ಉತ್ತರ: ಮಕ್ಕಳ ವಿಭಾಗದ ಶುಶ್ರೂಷಕಿ, ಹಾವೇರಿ

ರಕ್ತಪರೀಕ್ಷೆ ಬೇಕಾಗಿಲ್ಲ ಅಕ್ಕಾ. ಹೊಸದಾಗಿ ಒಳಗೆ ಹೋಗುವುದು ನಿಂತರೆ, ಮೊದಲು ಸೇರಿದ್ದು ಕೆಲವೇ ದಿನಗಳಲ್ಲಿ ದೇಹದಿಂದ ಹೊರಹೋಗುತ್ತದೆ. ಮಗಳು ಹಾಲು ಕುಡಿಯುವುದು, ಆಡುವುದು, ನಿದ್ದೆ ಮಾಡುವುದು ಎಂದಿನಂತಿದ್ದರೆ ತಲೆ ಕೆಡಿಸಿಕೊಳ್ಳಬೇಡಿರಿ. ನೆಲವನ್ನೂ ಟೀಪಾಯಿಯನ್ನೂ ಸಾಬೂನಿನ ನೀರಿನಿಂದ ಒರೆಸಿರಿ. ಕೌದಿ, ಕುಲಾವಿ, ಸೋಫಾದ ಹೊದಿಕೆ, ಪರದೆಗಳನ್ನು ಒಗೆದು ಬಿಸಿಲಿಗೆ ಹಾಕಿರಿ. ಮಗಳು ಬಾಯಿಗೆ ಹಾಕಿಕೊಳ್ಳುವ ಆಟಿಕೆಗಳನ್ನು ಮರೆಯದೆ ತೊಳೆಯಿರಿ.

ಮಗನನ್ನು ಮುಂದಿನ ಸಲ ವೈದ್ಯರ ಬಳಿ ಕರೆದೊಯ್ದಾಗ, ಮನೆಯಲ್ಲಿ ಇ-ಸಿಗರೇಟು ಸೇದುತ್ತಿದ್ದರು ಎಂಬುದನ್ನು ಮತ್ತು ಎಂದಿನಿಂದ ನಿಂತಿತು ಎಂಬುದನ್ನು ತಪ್ಪದೆ ಹೇಳಿರಿ. ಸಿಗರೇಟು ಸೇದುವವರು ಇದ್ದಾರೆಯೇ ಎಂದು ವೈದ್ಯರು ಕೇಳಿದಾಗ ಬಹಳ ಜನ ಇಲ್ಲ ಎಂದುಬಿಡುತ್ತಾರೆ, ಏಕೆಂದರೆ ಇದು ಆ ಲೆಕ್ಕಕ್ಕೆ ಬರುತ್ತದೆ ಎಂದು ಅವರಿಗೆ ಅನಿಸಿರುವುದಿಲ್ಲ. ಔಷಧದ ಪ್ರಮಾಣ ಹೆಚ್ಚಿಸಬೇಕೋ ಇಳಿಸಬೇಕೋ ಎಂದು ನಿರ್ಧರಿಸುವಾಗ ವೈದ್ಯರಿಗೆ ಈ ಮಾಹಿತಿ ಬೇಕಾಗುತ್ತದೆ. ಅಲ್ಲಿಯವರೆಗೆ ಇನ್ಹೇಲರನ್ನು ಹೇಳಿದಷ್ಟೇ ಕೊಡಿರಿ. ಕೆಮ್ಮು ಕಡಿಮೆಯಾಯಿತೆಂದು ನೀವಾಗಿಯೇ ನಿಲ್ಲಿಸಬೇಡಿರಿ.